ಟ್ರೈಕೋಗ್ರಾಮ ಕಾರ್ಡ್ ಕಟ್ಟುವ ಮೊದಲು: ಕಣಜವು ಮೊಟ್ಟೆಯನ್ನು ಆರಿಸುವ ಕ್ರಮವನ್ನರಿತು ಬಿಡುಗಡೆ ಮಾಡುವ ಬಗೆ

ಕಬ್ಬಿನ ಸುಳಿ ಒಣಗತೊಡಗಿದ ಮೇಲೆ ಟ್ರೈಕೋಗ್ರಾಮ ಕಾರ್ಡ್ (ಪೀಡೆಯ ಮೊಟ್ಟೆಗಳನ್ನು ನಾಶ ಮಾಡುವ ಪುಟ್ಟ ಕಣಜಗಳು ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ದಪ್ಪ ಕಾಗದ) ತಂದು ಕಟ್ಟಿ, ಹದಿನೈದು ದಿನ ಕಾದು, ಪ್ರಯೋಜನವಾಗಲಿಲ್ಲವೆಂದು ಆ ದಾರಿಯನ್ನೇ ಕೈಬಿಟ್ಟ ರೈತರು ನಮ್ಮಲ್ಲಿದ್ದಾರೆ. ಕಾರ್ಡು ಎಷ್ಟೇ ಚೆನ್ನಾಗಿದ್ದರೂ ಹೀಗಾಗುತ್ತದೆ. ಸುಳಿ ಒಣಗಿದೆಯೆಂದರೆ ಕೊರಕವೆಂಬ ಪತಂಗದ ಮರಿಹುಳು ಆಗಲೇ ಮೊಟ್ಟೆಯಿಂದ ಹೊರಬಂದು ಕಾಂಡದೊಳಕ್ಕೆ ಇಳಿದಿದೆ ಎಂದರ್ಥ. ಟ್ರೈಕೋಗ್ರಾಮವಾದರೋ ಮೊಟ್ಟೆಯನ್ನು ಬಿಟ್ಟು ಕೀಟದ ಬೇರೆ ಯಾವ ಹಂತವನ್ನೂ ಮುಟ್ಟುವುದಿಲ್ಲ. ಈ ಕಣಜವು ಕೀಟನಾಶಕದಂತೆ ಸಿಕ್ಕಿದ್ದನ್ನೆಲ್ಲ ಕೊಲ್ಲುವ ವಸ್ತುವಲ್ಲ. ಅದು ಹುಡುಕುತ್ತದೆ, ಮುಟ್ಟಿ ನೋಡುತ್ತದೆ, ಅಳೆಯುತ್ತದೆ, ಒಪ್ಪುತ್ತದೆ ಅಥವಾ ಬಿಟ್ಟು ಹೋಗುತ್ತದೆ. ಆ ನಿರ್ಧಾರ ನಮ್ಮ ಬೆಳೆಯ ಪರವಾಗಿ ಬೀಳುವಂತೆ ಹೊಲವನ್ನೂ ಹೊತ್ತನ್ನೂ ಹೊಂದಿಸುವುದೇ ಬಿಡುಗಡೆಯ ಕೆಲಸ ಎಂದು ನಾನು ತಿಳಿದಿದ್ದೇನೆ. ಕಾರ್ಡನ್ನು ಹೇಗೆ ಕಟ್ಟಬೇಕೆಂಬುದಕ್ಕಿಂತ ಮೊದಲು ಕಣಜ ಹೇಗೆ ಆರಿಸುತ್ತದೆ ಎಂಬುದನ್ನು ಈ ಬರಹದಲ್ಲಿ ವಿವರಿಸುತ್ತಿರುವುದು ಅದಕ್ಕಾಗಿಯೇ.

ಟ್ರೈಕೋಗ್ರಾಮ ಸುಮಾರು ಅರ್ಧ ಮಿಲಿಮೀಟರ್ ಉದ್ದದ ಜೀವಿ. ಹೆಣ್ಣು ಕಣಜ ಪತಂಗದ ಮೊಟ್ಟೆಯ ಸಿಪ್ಪೆಯನ್ನು ತನ್ನ ಸೂಜಿಯಂತಹ ಅಂಗದಿಂದ ಕೊರೆದು ಒಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಅದರ ಮರಿ ಒಳಗಿನ ತಿರುಳನ್ನು ತಿಂದು ಅಲ್ಲಿಯೇ ಕೋಶವಾಗಿ, ನಮ್ಮ ಹವೆಯಲ್ಲಿ ಸುಮಾರು ಎಂಟು ದಿನಗಳಲ್ಲಿ ರೆಕ್ಕೆ ಮೂಡಿದ ಕಣಜವಾಗಿ ಹೊರಬರುತ್ತದೆ. ಬೆಳೆಗೆ ಇದರಿಂದಾಗುವ ಲಾಭ ದೊಡ್ಡದು, ಏಕೆಂದರೆ ಒಂದು ಎಲೆಯನ್ನಾದರೂ ಕಚ್ಚುವ ಮೊದಲೇ ಪೀಡೆಯ ಹುಟ್ಟು ಅಡಗುತ್ತದೆ.

ದೂರದಿಂದ ಹತ್ತಿರಕ್ಕೆ: ಕಣಜ ಹುಡುಕುವ ರೀತಿ

ಪರಾವಲಂಬಿ ಕಣಜಗಳು ಆಶ್ರಯ ಕೀಟವನ್ನು ಆರಿಸುವುದನ್ನು ಕೀಟಶಾಸ್ತ್ರಜ್ಞರು ಮೆಟ್ಟಿಲುಗಳಾಗಿ ವಿಂಗಡಿಸಿ ನೋಡುತ್ತಾರೆ. ಮೊದಲು ಆಶ್ರಯ ಕೀಟ ಇರಬಹುದಾದ ನೆಲೆಯನ್ನು ಕಂಡುಕೊಳ್ಳಬೇಕು, ಆ ನೆಲೆಯಲ್ಲಿ ಕೀಟವನ್ನು ಪತ್ತೆಹಚ್ಚಬೇಕು, ಸಿಕ್ಕಿದ್ದನ್ನು ಪರೀಕ್ಷಿಸಿ ಒಪ್ಪಬೇಕು. ಇವೆಲ್ಲ ಆದ ಮೇಲೂ ಆ ಕೀಟದ ದೇಹದಲ್ಲಿ ಮರಿ ಬದುಕಲು ಸಾಧ್ಯವಾಗಬೇಕು. ಯಾವುದೇ ಒಂದು ಮೆಟ್ಟಿಲಿನಲ್ಲಿ ತಡೆಯಾದರೂ ಹೊಲದಲ್ಲಿ ಫಲ ಕಾಣುವುದಿಲ್ಲ.

ಮರಿಹುಳುಗಳನ್ನು ಆಶ್ರಯಿಸುವ ಕಣಜಗಳಿಗೆ ಮೊದಲ ಮೆಟ್ಟಿಲಿನಲ್ಲಿ ಗಿಡವೇ ನೆರವಾಗುತ್ತದೆ. ಮುಸುಕಿನ ಜೋಳದ ಎಳೆಯ ಸಸಿಯನ್ನು ಮರಿಹುಳು ತಿನ್ನುವಾಗ, ಅದರ ಬಾಯಿಂದ ಒಸರುವ ದ್ರವ ಗಾಯಕ್ಕೆ ತಗುಲಿ, ಸಸಿಯು ವಿಶೇಷ ವಾಸನೆಯ ಟರ್ಪೀನ್‌ಗಳನ್ನು ಹೊರಬಿಡುತ್ತದೆ. ಕೊಟೇಸಿಯ ಜಾತಿಯ ಕಣಜ ಆ ವಾಸನೆಯನ್ನು ಹಿಡಿದು ಬರುತ್ತದೆ. ಅಮೆರಿಕದಲ್ಲಿ ಟರ್ಲಿಂಗ್ಸ್, ಟಮ್ಲಿನ್‌ಸನ್ ಮತ್ತು ಲೂಯಿಸ್ ಇದನ್ನು 1990ರಲ್ಲಿ ತೋರಿಸಿಕೊಟ್ಟರು. ಮೊಟ್ಟೆಯನ್ನು ಹುಡುಕುವ ಟ್ರೈಕೋಗ್ರಾಮದ ಪಾಡು ಇದಕ್ಕಿಂತ ಕಠಿಣ. ಮೊಟ್ಟೆ ತಿನ್ನುವುದಿಲ್ಲ, ಚಲಿಸುವುದಿಲ್ಲ, ಹಿಕ್ಕೆ ಹಾಕುವುದಿಲ್ಲ. ಆದ್ದರಿಂದ ಈ ಪುಟ್ಟ ಕಣಜ ಮೊಟ್ಟೆಯನ್ನಲ್ಲ, ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಗುರುತು ಹಿಡಿಯುತ್ತದೆ. ಗಂಡನ್ನು ಕರೆಯಲು ಹೆಣ್ಣು ಪತಂಗ ಬಿಡುವ ಮೋಹಕ ವಾಸನೆ ಸುಳಿದಾಡುವ ಕಡೆ ಅದು ನಿಂತು ಹುಡುಕತೊಡಗುತ್ತದೆ. ಇನ್ನೂ ಸೋಜಿಗದ ಸಂಗತಿಯೊಂದನ್ನು ಫಾಟೂರೋಸ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದರು. ಯುರೋಪಿನ ಎಲೆಕೋಸಿನ ದೊಡ್ಡ ಬಿಳಿ ಚಿಟ್ಟೆಯಲ್ಲಿ, ಕೂಡಿದ ಹೆಣ್ಣಿನ ಮೈಮೇಲೆ ಗಂಡು ಬೆಂಜೈಲ್ ಸಯನೈಡ್ ಎಂಬ ವಸ್ತುವನ್ನು ಬಿಟ್ಟು ಬೇರೆ ಗಂಡುಗಳನ್ನು ದೂರವಿಡುತ್ತದೆ. ಟ್ರೈಕೋಗ್ರಾಮ ಬ್ರಾಸಿಕೆ ಎಂಬ ಕಣಜ ಅದೇ ವಾಸನೆಯಿಂದ ಕೂಡಿದ ಹೆಣ್ಣನ್ನು ಗುರುತಿಸಿ, ಅದರ ಮೈಯೇರಿ ಸವಾರಿ ಮಾಡಿ, ಅದು ಮೊಟ್ಟೆಯಿಡುವ ಎಲೆಯಲ್ಲಿ ಇಳಿಯುತ್ತದೆ.

ಹತ್ತಿರ ಬಂದ ಮೇಲೆ ಕೆಲಸಕ್ಕೆ ಬರುವುದು ಪತಂಗದ ರೆಕ್ಕೆಯಿಂದ ಉದುರಿದ ಹುಡಿಯಂತಹ ಹುರುಪೆ. ಪತಂಗ ಮೊಟ್ಟೆಯಿಡಲು ಕುಳಿತೆಡೆಯಲ್ಲೆಲ್ಲ ಇದು ಬಿದ್ದಿರುತ್ತದೆ. ಅಮೆರಿಕದ ಜಾರ್ಜಿಯ ರಾಜ್ಯದ ಟಿಫ್ಟನ್‌ನಲ್ಲಿ ಜೋ ಲೂಯಿಸ್ ಮತ್ತು ಅವರ ಜೊತೆಗಾರರು 1970ರ ದಶಕದ ಮೊದಲ ವರ್ಷಗಳಲ್ಲಿ ಮಾಡಿದ ಕೆಲಸದಿಂದ, ಈ ಹುರುಪೆಯಲ್ಲಿರುವ ಟ್ರೈಕೋಸೇನ್ ಎಂಬ, 23 ಇಂಗಾಲದ ಪರಮಾಣುಗಳ ಸರಪಳಿಯುಳ್ಳ ಮೇಣದಂತಹ ವಸ್ತು ಟ್ರೈಕೋಗ್ರಾಮವನ್ನು ಹುಡುಕಾಟಕ್ಕೆ ಪ್ರಚೋದಿಸುತ್ತದೆ ಎಂದು ತಿಳಿದುಬಂದಿತು. ಹುರುಪೆ ಸಿಕ್ಕ ಎಲೆಯಲ್ಲಿ ಕಣಜ ಹಾರುವುದನ್ನು ಬಿಟ್ಟು ನಡೆಯತೊಡಗುತ್ತದೆ, ಪದೇ ಪದೇ ತಿರುಗಿ ಅದೇ ಜಾಗವನ್ನು ಜಾಲಾಡುತ್ತದೆ. ಹುರುಪೆಯಿಲ್ಲದ ಎಲೆಯಲ್ಲಿ ಬೇಗ ಮುಂದೆ ಹೋಗುತ್ತದೆ.

ಇದರಿಂದ ನಮ್ಮ ಮೊದಲ ನಿಯಮ ಹೊರಡುತ್ತದೆ: ಪತಂಗ ಹೊಲಕ್ಕೆ ಬರುವ ಮೊದಲು ಕಣಜ ಬಿಡಬೇಡಿ, ಹುಳು ಹೊರಬಂದ ಮೇಲೆಯೂ ಬಿಡಬೇಡಿ. ಪತಂಗದ ಗುರುತೇ ಇಲ್ಲದ ಹೊಲದಲ್ಲಿ ಬಿಟ್ಟ ಕಣಜ ಬೇಗ ಚದುರುತ್ತದೆ, ಆಹಾರವಿಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಸರಿಯಾದ ದಿನವನ್ನು ತಿಳಿಯಲು, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆ ಕಟ್ಟಿ ದಿನವೂ ಬೆಳಿಗ್ಗೆ ನೋಡಿ. ಬಲೆಗೆ ಗಂಡು ಪತಂಗಗಳು ಬೀಳತೊಡಗಿದ ಕೂಡಲೇ ಮೊದಲ ಬಿಡುಗಡೆ ಆಗಬೇಕು. ಜೊತೆಗೆ ಎಲೆಗಳನ್ನು ತಿರುಗಿಸಿ ಮೊಟ್ಟೆಗಳನ್ನೂ ಹುಡುಕಬೇಕು. ಕಬ್ಬಿನ ಸುಳಿ ಕೊರಕದ ಮೊಟ್ಟೆಗಳು ಎಲೆಯ ತಳಭಾಗದಲ್ಲಿ ಚಪ್ಪಟೆಯಾಗಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒರಗಿದ ಸಾಲುಗಳಲ್ಲಿರುತ್ತವೆ. ಟೊಮೇಟೊ ಕಾಯಿ ಕೊರಕದ ಮೊಟ್ಟೆಗಳು ಒಂಟಿಯಾಗಿ, ಎಳೆಯ ಎಲೆ ಮತ್ತು ಹೂಮೊಗ್ಗಿನ ಬಳಿ, ಕೆನೆ ಬಣ್ಣದ ಗೆರೆಗೆರೆಯಾದ ಗುಂಡುಗಳಂತೆ ಕಾಣುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಜೇಬಿನಲ್ಲಿದ್ದರೆ ಈ ಕೆಲಸ ಸುಲಭ.

ಮುಟ್ಟಿ, ಅಳೆದು, ಒಪ್ಪುವುದು

ಮೊಟ್ಟೆ ಸಿಕ್ಕಿದ ಮಾತ್ರಕ್ಕೆ ಕಣಜ ಅದನ್ನು ಒಪ್ಪುವುದಿಲ್ಲ. ಅದು ಮೊಟ್ಟೆಯ ಮೇಲೇರಿ ಎರಡು ಮೀಸೆಗಳಿಂದ ತಮಟೆ ಬಡಿದಂತೆ ಬಡಿಯುತ್ತಾ ಈ ತುದಿಯಿಂದ ಆ ತುದಿಗೆ ನಡೆಯುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಸಾಲ್ಟ್ 1930ರ ದಶಕದಲ್ಲಿ ಮಾಡಿದ ಪ್ರಯೋಗಗಳು ಈ ವಿಷಯದಲ್ಲಿ ಇಂದಿಗೂ ಅಡಿಪಾಯದಂತಿವೆ. ಟ್ರೈಕೋಗ್ರಾಮಕ್ಕೆ ಮೊದಲು ಮುಖ್ಯವಾಗುವುದು ವಸ್ತುವಿನ ಗಾತ್ರ, ದುಂಡು ಆಕಾರ ಮತ್ತು ಅದು ಸುತ್ತಲಿನ ಮಟ್ಟಕ್ಕಿಂತ ಎದ್ದು ನಿಂತಿರುವುದು ಎಂದು ಅವರು ಕಂಡುಕೊಂಡರು. ಸರಿಯಾದ ಗಾತ್ರದ ಗಾಜಿನ ಮಣಿಯನ್ನೂ ಅದು ಪರೀಕ್ಷಿಸುತ್ತದೆ. ಮುಂದೆ ಕೆನಡಾದಲ್ಲಿ ಶ್ಮಿಟ್ ಮತ್ತು ಸ್ಮಿತ್ 1980ರ ದಶಕದಲ್ಲಿ ಅಳತೆಯ ಕ್ರಮವನ್ನು ಬಿಡಿಸಿ ತೋರಿಸಿದರು. ಕಣಜವು ಮೊಟ್ಟೆಯ ಬಾಗನ್ನು ತನ್ನ ತಲೆ ಮತ್ತು ಮೀಸೆಯ ಬುಡದ ನಡುವಿನ ಕೋನದಿಂದ ಅರಿಯುತ್ತದೆ. ಮೊದಲ ಸಲ ಮೊಟ್ಟೆಯನ್ನು ಹಾದುಹೋಗಲು ಹಿಡಿದ ಹೊತ್ತಿನಿಂದ ಅದರ ಅಗಲವನ್ನು ಲೆಕ್ಕಹಾಕಿ, ಒಳಗೆ ಎಷ್ಟು ಮೊಟ್ಟೆಯಿಡಬೇಕೆಂದು ತೀರ್ಮಾನಿಸುತ್ತದೆ. ಅರ್ಧ ಮಿಲಿಮೀಟರಿನ ಜೀವಿಯೊಂದು ಹೊತ್ತನ್ನು ಹೀಗೆ ಅಳೆಯುವುದನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಕಾರ್ಡು ತಯಾರಿಸಲು ಬಳಸುವ ಅಕ್ಕಿ ಪತಂಗದ ಸಣ್ಣ ಮೊಟ್ಟೆಯಿಂದ ಸಾಮಾನ್ಯವಾಗಿ ಒಂದೇ ಕಣಜ ಹೊರಬರುತ್ತದೆ. ದೊಡ್ಡ ಮೊಟ್ಟೆಯಿಂದ ಎರಡು ಮೂರು ಬರಬಹುದು.

ಹೆಣ್ಣು ಅಥವಾ ಗಂಡು ಎಂಬುದನ್ನೂ ತಾಯಿ ಕಣಜವೇ ನಿಯಂತ್ರಿಸುತ್ತದೆ. ಗಂಡಿನ ಬೀಜ ಸೇರಿದ ಮೊಟ್ಟೆ ಹೆಣ್ಣಾಗುತ್ತದೆ, ಸೇರದ್ದು ಗಂಡಾಗುತ್ತದೆ. ಹೊಲದಲ್ಲಿ ಪೀಡೆಯ ಮೊಟ್ಟೆಗಳನ್ನು ನಾಶ ಮಾಡುವುದು ಹೆಣ್ಣು ಮಾತ್ರ. ಆದ್ದರಿಂದ ಕಾರ್ಡಿನಲ್ಲಿ ಹೆಣ್ಣಿನ ಪಾಲು ಹೆಚ್ಚಿರುವುದು ಒಳ್ಳೆಯ ಪ್ರಯೋಗಾಲಯದ ಗುರುತು.

ಬೇರೊಂದು ಕಣಜ ಈಗಾಗಲೇ ಮೊಟ್ಟೆಯಿಟ್ಟು ಹೋದದ್ದನ್ನು ಟ್ರೈಕೋಗ್ರಾಮ ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಮೊದಲ ಕಣಜ ನಡೆದಾಡಿದ ಹೆಜ್ಜೆಯ ವಾಸನೆಯಿಂದಲೇ ಎರಡನೆಯದು ಹಿಂದೆಗೆಯುತ್ತದೆ. ಆ ಮೊಟ್ಟೆಯನ್ನು ನೀರಿನಲ್ಲಿ ತೊಳೆದರೆ ಮತ್ತೆ ಮೇಲೇರುತ್ತದೆ, ಆದರೆ ಸೂಜಿ ಒಳಗಿಳಿಸಿದಾಗ ಒಳಗಿನ ಸ್ಥಿತಿಯನ್ನರಿತು ಬಿಟ್ಟು ಹೋಗುತ್ತದೆ. ಸಾಲ್ಟ್ ತೋರಿಸಿದ ಈ ಸಂಗತಿಯಿಂದ ರೈತರಿಗೆ ಒಂದು ನೇರವಾದ ಪಾಠವಿದೆ. ಒಂದೇ ಮೂಲೆಯಲ್ಲಿ ಸಾವಿರಾರು ಕಣಜಗಳನ್ನು ಬಿಟ್ಟರೆ ಹತ್ತಿರದ ಮೊಟ್ಟೆಗಳೆಲ್ಲ ಗುರುತಾಗಿ, ಉಳಿದವು ಮುಟ್ಟಿದ್ದನ್ನೇ ಮುಟ್ಟುತ್ತಾ ಹೊತ್ತು ಕಳೆಯುತ್ತವೆ, ದೂರದ ಮೊಟ್ಟೆಗಳು ಹಾಗೆಯೇ ಉಳಿಯುತ್ತವೆ. ಕಾರ್ಡನ್ನು ಚಿಕ್ಕ ತುಂಡುಗಳಾಗಿ ಹೊಲದ ತುಂಬ ಹರಡಲೇಬೇಕಾದ ಕಾರಣ ಇದು.

ಮೊಟ್ಟೆಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಇಟ್ಟು ಒಂದೆರಡು ದಿನವಾದ ಮೊಟ್ಟೆಯೆಂದರೆ ಕಣಜಕ್ಕೆ ಇಷ್ಟ. ಒಳಗೆ ಮರಿಹುಳುವಿನ ತಲೆ ಗಟ್ಟಿಯಾಗಿ ಕಪ್ಪು ಚುಕ್ಕಿಯಂತೆ ಕಾಣತೊಡಗಿದ ಮೇಲೆ ಅದು ಒಪ್ಪುವುದು ಅಪರೂಪ, ಒಪ್ಪಿದರೂ ಮರಿ ಬೆಳೆಯುವುದು ಕಷ್ಟ. ಕೊರಕಗಳ ಮೊಟ್ಟೆ ಒಡೆಯುವುದು ಮೂರರಿಂದ ಆರು ದಿನಗಳೊಳಗೆ. ಅಂದರೆ ಪ್ರತಿ ಮೊಟ್ಟೆಗೂ ಕಣಜಕ್ಕೆ ಸಿಗುವ ಕಾಲ ಬಹಳ ಚಿಕ್ಕದು. ಪತಂಗಗಳೋ ವಾರಗಟ್ಟಲೆ ಮೊಟ್ಟೆಯಿಡುತ್ತಲೇ ಇರುತ್ತವೆ. ಒಂದು ಬಿಡುಗಡೆ ಸಾಲದೆ ವಾರಕ್ಕೊಮ್ಮೆ ಮತ್ತೆ ಮತ್ತೆ ಬಿಡಬೇಕಾಗುವುದು ಇದರಿಂದ.

ಯಾವ ಬೆಳೆಗೆ ಯಾವ ಕಣಜ

ಕಣಜ ಎಂದು ಕೇಳಿ ತರಬೇಡಿ, ಜಾತಿಯ ಹೆಸರನ್ನು ಹೇಳಿ ತನ್ನಿ. ಕಬ್ಬಿನ ಸುಳಿ ಕೊರಕ ಮತ್ತು ಗಣ್ಣು ಕೊರಕಕ್ಕೆ ಟ್ರೈಕೋಗ್ರಾಮ ಕೈಲೋನಿಸ್ ಹೊಂದುತ್ತದೆ. ಭತ್ತದ ಹಳದಿ ಕಾಂಡ ಕೊರಕ, ಎಲೆ ಸುರುಳಿ ಹುಳು ಮತ್ತು ಕಬ್ಬಿನ ತುದಿ ಕೊರಕಕ್ಕೆ ಟ್ರೈಕೋಗ್ರಾಮ ಜಪಾನಿಕಮ್ ಬೇಕು. ಟೊಮೇಟೊ ಕಾಯಿ ಕೊರಕಕ್ಕೆ ಕೈಲೋನಿಸ್ ಅಥವಾ ಪ್ರಿಟಿಯೋಸಮ್ ಬಳಕೆಯಲ್ಲಿವೆ.

ಮೊಟ್ಟೆಯ ಮೇಲಿನ ಹೊದಿಕೆಯೂ ಆಯ್ಕೆಯನ್ನು ತಿರುಗಿಸಬಲ್ಲದು. ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ. ಅದರ ಪತಂಗ ಮೊಟ್ಟೆಗಳನ್ನು ಪದರ ಪದರವಾಗಿಟ್ಟು ತನ್ನ ಮೈಯ ರೋಮದಿಂದ ಮುಚ್ಚುತ್ತದೆ. ಟ್ರೈಕೋಗ್ರಾಮಕ್ಕೆ ಮೇಲಿನ ಮತ್ತು ಅಂಚಿನ ಮೊಟ್ಟೆಗಳು ಸಿಗುತ್ತವೆ, ಒಳಪದರಕ್ಕೆ ಅದು ತಲುಪುವುದು ಕಷ್ಟ. ಟೆಲಿನೋಮಸ್ ರೀಮಸ್ ಎಂಬ ಮತ್ತೊಂದು ಮೊಟ್ಟೆ ಕಣಜ ರೋಮದ ನಡುವೆ ನುಗ್ಗಿ ಒಳಪದರವನ್ನೂ ತಲುಪುತ್ತದೆ. ಪಪುವ ನ್ಯೂಗಿನಿಯಿಂದ ಭಾರತಕ್ಕೆ 1963ರಲ್ಲಿ ತರಲಾದ ಈ ಕಣಜ ಸಿಗುವ ಕಡೆಗಳಲ್ಲಿ ಸೈನಿಕ ಹುಳುವಿಗೆ ಅದನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ.

ಗಿಡವೂ ಕಣಜವನ್ನು ತಡೆಯಬಹುದು. ಕಡಲೆ ಗಿಡದ ರೋಮಗಳಿಂದ ಒಸರುವ ಹುಳಿಯನ್ನು ನಾವು ಬೆರಳಿಗೆ ಹತ್ತಿಸಿಕೊಂಡು ಸವಿಯುತ್ತೇವೆ. ಅದರಲ್ಲಿರುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಟ್ರೈಕೋಗ್ರಾಮಕ್ಕೆ ಸಹಿಸಲಾಗದವು. ಕಾಯಿ ಕೊರಕದ ಮೊಟ್ಟೆ ಕಡಲೆಯ ಮೇಲೆ ಎಷ್ಟಿದ್ದರೂ ಕಣಜ ಅಲ್ಲಿ ಬಹಳ ಕಡಿಮೆ ಕೆಲಸ ಮಾಡುತ್ತದೆ. ತೊಗರಿಯ ಹೂವು ಮತ್ತು ಕಾಯಿಗಳ ರೋಮದಲ್ಲಿಯೂ ಇದೇ ತೊಡಕು. ಕಲಬುರಗಿಯ ತೊಗರಿಗಾಗಲಿ ಧಾರವಾಡ, ಗದಗದ ಕಡಲೆಗಾಗಲಿ ಟ್ರೈಕೋಗ್ರಾಮ ಕಾರ್ಡಿಗೆ ಹಣ ಹಾಕಬೇಡಿ ಎಂದೇ ನಾನು ಹೇಳುತ್ತೇನೆ; ಅಲ್ಲಿ ಬೇರೆ ಉಪಾಯಗಳಿವೆ. ಟೊಮೇಟೊ ಎಲೆಯ ಅಂಟುರೋಮಗಳೂ ನಡಿಗೆಯನ್ನು ನಿಧಾನಗೊಳಿಸುತ್ತವೆ, ಆದರೆ ತುಂಡುಗಳನ್ನು ಹತ್ತಿರ ಹತ್ತಿರ ಕಟ್ಟಿದರೆ ಫಲ ಸಿಗುತ್ತದೆ. ಹದಿನಾರು ಸಾಲು ಟೊಮೇಟೊಗೆ ಒಂದು ಸಾಲು ಚೆಂಡುಹೂವು ಬೆಳೆದವರು ಆ ಸಾಲಿನಲ್ಲೂ ತುಂಡುಗಳನ್ನು ಕಟ್ಟಬೇಕು, ಏಕೆಂದರೆ ಪತಂಗ ಮೊಟ್ಟೆಯಿಡಲು ಚೆಂಡುಹೂವನ್ನು ಮೆಚ್ಚಿ ಬರುತ್ತದೆ.

ಆಯ್ಕೆ ಎಷ್ಟು ಕಟ್ಟುನಿಟ್ಟಾಗಿರಬಲ್ಲದು ಎಂಬುದಕ್ಕೆ ಪಪ್ಪಾಯದ ಹಿಟ್ಟು ತಿಗಣೆಯ ಉದಾಹರಣೆ ಹೇಳಬೇಕು. ಪೋರ್ಟೊರಿಕೋದಿಂದ 2010ರಲ್ಲಿ ಬೆಂಗಳೂರಿಗೆ ತರಿಸಿ ಬಿಟ್ಟ ಅಸಿರೋಫಾಗಸ್ ಪಪಾಯೆ ಎಂಬ ಕಣಜ ಆ ಒಂದು ತಿಗಣೆಯನ್ನೇ ಹುಡುಕಿ ಹೋಗುತ್ತದೆ. ಅದು ನಮ್ಮ ತೋಟಗಳಲ್ಲಿ ತಾನಾಗಿಯೇ ನೆಲೆ ನಿಂತು ಹರಡಿತು. ಟ್ರೈಕೋಗ್ರಾಮ ಹಾಗಲ್ಲ, ಅನೇಕ ಪತಂಗಗಳ ಮೊಟ್ಟೆಗಳನ್ನು ಒಪ್ಪುವ ಅದನ್ನು ಬೆಳೆಯ ಹಂಗಾಮಿನಲ್ಲಿ ನಾವೇ ಸರಿಯಾದ ಹೊತ್ತಿಗೆ ಒದಗಿಸಬೇಕು.

ಕಾರ್ಡು ಕೊಳ್ಳುವುದು ಮತ್ತು ಕಟ್ಟುವುದು

ಕಾರ್ಡುಗಳು ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯಗಳು ಮತ್ತು ಜೈವಿಕ ನಿಯಂತ್ರಣ ಪ್ರಯೋಗಾಲಯಗಳ ಮೂಲಕ ದೊರೆಯುತ್ತವೆ. ನೇರಳಾತೀತ ಕಿರಣ ಬಿದ್ದು ಒಳಗಿನ ಭ್ರೂಣ ಸತ್ತ ಅಕ್ಕಿ ಪತಂಗದ ಮೊಟ್ಟೆಗಳನ್ನು ದಪ್ಪ ಕಾಗದಕ್ಕೆ ಅಂಟಿಸಿ, ಕಣಜಗಳಿಗೆ ಒಡ್ಡಿ ಇವನ್ನು ತಯಾರಿಸುತ್ತಾರೆ. ಒಂದು ಪೂರ್ಣ ಕಾರ್ಡಿನಲ್ಲಿ 18,000ದಿಂದ 20,000 ಮೊಟ್ಟೆಗಳಿರುತ್ತವೆ. ಕಣಜ ಸೇರಿದ ಮೊಟ್ಟೆ ಮೂರು ನಾಲ್ಕು ದಿನಗಳಲ್ಲಿ ಕಪ್ಪಗಾಗುತ್ತದೆ. ಕಾರ್ಡಿನ ಬಹುಪಾಲು ಕಪ್ಪಾಗಿರಬೇಕು. ಬಿಳಿಚಿದ ಮೊಟ್ಟೆಗಳು ಹೆಚ್ಚಿದ್ದರೆ, ಅಥವಾ ಮಸೂರದಲ್ಲಿ ನೋಡಿದಾಗ ಕಪ್ಪು ಮೊಟ್ಟೆಗಳಲ್ಲಿ ಆಗಲೇ ತೂತುಗಳು ಕಂಡರೆ, ಅದನ್ನು ಹಿಂದಿರುಗಿಸಿ. ಕಣಜ ಹೊರಬರುವ ದಿನಾಂಕವನ್ನು ಬರೆಸಿಕೊಳ್ಳಿ. ಬೇರೆ ಪೀಡೆಯ ಮೊಟ್ಟೆಯನ್ನು ಕಾಣದೆ ಅಕ್ಕಿ ಪತಂಗದ ಮೇಲೆಯೇ ಬಹಳ ತಲೆಮಾರು ಬೆಳೆದ ಕಣಜಗಳಲ್ಲಿ ಹುಡುಕುವ ಚುರುಕು ಕುಂದಬಹುದು. ಹೊಲದಿಂದ ಹೊಸ ಕಣಜಗಳನ್ನು ತಂದು ತಳಿಯನ್ನು ಆಗಾಗ ನವೀಕರಿಸುತ್ತೀರಾ ಎಂದು ಕೇಳಲು ಸಂಕೋಚ ಬೇಡ.

ಮನೆಗೆ ತರುವಾಗ ಬಿಸಿಲು ಬೀಳುವ ವಾಹನದಲ್ಲಿ ಇಡಬೇಡಿ. ಒಂದೆರಡು ದಿನ ತಡವಾಗುವುದಾದರೆ ಫ್ರಿಜ್ಜಿನಲ್ಲಿ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಬಹುದು. ಹಿಮಗಟ್ಟುವ ಖಾನೆಯಲ್ಲಿಟ್ಟರೆ ಎಲ್ಲ ಸಾಯುತ್ತವೆ.

ಕಬ್ಬಿನಲ್ಲಿ ಹೆಕ್ಟೇರಿಗೆ 50,000, ಅಂದರೆ ಎಕರೆಗೆ ಒಂದು ಕಾರ್ಡಿನಂತೆ, ನಾಟಿಯಾಗಿ ಸುಮಾರು ಒಂದು ತಿಂಗಳಿಂದ ಆರಂಭಿಸಿ ಏಳರಿಂದ ಹತ್ತು ದಿನಕ್ಕೊಮ್ಮೆ ಬಿಡುವುದು ರೂಢಿಯಲ್ಲಿರುವ ಪ್ರಮಾಣ. ಭತ್ತದಲ್ಲಿ ಹೆಕ್ಟೇರಿಗೆ 1 ಲಕ್ಷ ಬೇಕು. ಕಣಜ ಸ್ವಂತ ಬಲದಿಂದ ಹುಡುಕುವುದು ಬಹುಮಟ್ಟಿಗೆ ಹತ್ತು ಮೀಟರಿನ ಒಳಗೆ. ಎಕರೆಯೆಂದರೆ ಸುಮಾರು 4,000 ಚದರ ಮೀಟರ್. ಹತ್ತು ಹತ್ತು ಮೀಟರಿಗೆ ಒಂದು ತುಂಡಿನಂತೆ ಲೆಕ್ಕ ಹಾಕಿದರೆ ಕಾರ್ಡನ್ನು ನಲವತ್ತು ತುಂಡು ಮಾಡಬೇಕಾಗುತ್ತದೆ, ಒಂದೊಂದರಲ್ಲಿ ಐನೂರರಷ್ಟು ಮೊಟ್ಟೆಗಳಿರುತ್ತವೆ. ಗಾಳಿ ಬೀಸಿ ಬರುವ ಅಂಚಿನಲ್ಲಿ ತುಂಡುಗಳು ಸ್ವಲ್ಪ ಹೆಚ್ಚಿರಲಿ, ಏಕೆಂದರೆ ಇಷ್ಟು ಚಿಕ್ಕ ಜೀವಿಯನ್ನು ಗಾಳಿ ತನ್ನ ದಿಕ್ಕಿಗೇ ಒಯ್ಯುತ್ತದೆ. ತುಂಡನ್ನು ಎಲೆಯ ತಳಭಾಗಕ್ಕೆ, ಮೊಟ್ಟೆಗಳಿರುವ ಮುಖ ನೆರಳಿಗೆ ತಿರುಗುವಂತೆ, ಪತಂಗ ಮೊಟ್ಟೆಯಿಡುವ ಎತ್ತರದಲ್ಲಿಯೇ ದಾರದಿಂದ ಕಟ್ಟಿ ಅಥವಾ ಪಿನ್ ಹೊಡೆಯಿರಿ. ಕಣಜಗಳು ಹೆಚ್ಚಾಗಿ ಹೊರಬರುವುದು ಬೆಳಗಿನ ಹೊತ್ತಿನಲ್ಲಿ. ಆದ್ದರಿಂದ ಹಿಂದಿನ ಸಂಜೆ ಕಟ್ಟುವುದು ಒಳ್ಳೆಯದು. ನಡುಹಗಲಿನಲ್ಲಿ ಕಟ್ಟಿದ ತುಂಡು ಬಿಸಿಲಿಗೆ ಒಣಗುತ್ತದೆ, ಮಳೆ ಬರುವ ಸಂಜೆ ಕಟ್ಟಿದ್ದು ನೆನೆದು ಕೆಡುತ್ತದೆ. ಇರುವೆಗಳು ಇಡೀ ತುಂಡಿನ ಮೊಟ್ಟೆಗಳನ್ನು ಒಂದೇ ರಾತ್ರಿಯಲ್ಲಿ ಹೊತ್ತೊಯ್ಯಬಲ್ಲವು. ಇರುವೆ ಹರಿಯುವ ಗಿಡವನ್ನು ಬಿಟ್ಟು ಪಕ್ಕದ ಗಿಡಕ್ಕೆ ಕಟ್ಟಿ, ಹೊರಬರುವ ದಿನಕ್ಕೆ ತೀರ ಹತ್ತಿರದಲ್ಲಿ ಕಟ್ಟಿ.

ಕೀಟನಾಶಕದ ವಿಷಯದಲ್ಲಿ ರಾಜಿಗೆ ಎಡೆಯಿಲ್ಲ. ಬಿಡುಗಡೆಗೆ ಹಿಂದೆ ಮುಂದೆ ಕನಿಷ್ಠ ಒಂದೊಂದು ವಾರ ರಾಸಾಯನಿಕ ಕೀಟನಾಶಕ ಸಿಂಪಡಿಸಬಾರದು. ಎಲೆಯಲ್ಲಿ ಬಹುಕಾಲ ಉಳಿಯುವ ಔಷಧಿಯಾದರೆ ಇನ್ನೂ ಹೆಚ್ಚು ಅಂತರ ಬೇಕು. ಇಡೀ ದಿನ ಎಲೆಯ ಮೇಲೆ ನಡೆದೇ ಹುಡುಕುವ ಕಣಜಕ್ಕೆ ವಿಷದ ಪದರ ಕಾಲಿನಿಂದಲೇ ತಗಲುತ್ತದೆ. ಬದುವಿನ ಹೂಗಿಡಗಳನ್ನು ಕೀಳದೆ ಬಿಡಿ. ಮಕರಂದ ಸಿಕ್ಕ ಹೆಣ್ಣು ಹೆಚ್ಚು ದಿನ ಬದುಕಿ ಹೆಚ್ಚು ಮೊಟ್ಟೆಗಳನ್ನು ಹುಡುಕುತ್ತದೆ.

ಆರಿಸಿತೋ ಇಲ್ಲವೋ ಎಂದು ನೋಡುವುದು

ಬಿಡುಗಡೆ ಮಾಡಿ ಸುಮ್ಮನಾಗುವುದು ಹಲವರ ಅಭ್ಯಾಸ. ಪರೀಕ್ಷೆ ಬಹಳ ಸುಲಭ. ಕಾರ್ಡಿನ ಒಂದು ತುಂಡನ್ನು ಹೊಲಕ್ಕೆ ಒಯ್ಯದೆ ಗಾಜಿನ ಸೀಸೆಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿ ಮನೆಯಲ್ಲಿಟ್ಟುಕೊಳ್ಳಿ. ಹೇಳಿದ ದಿನಕ್ಕೆ ಸೀಸೆಯ ಗೋಡೆಯಲ್ಲಿ ಧೂಳಿನ ಕಣಗಳಂತಹ ಕಣಜಗಳು ಹರಿದಾಡಿದರೆ ಕಾರ್ಡು ಜೀವಂತವಾಗಿತ್ತು ಎಂದು ತಿಳಿಯುತ್ತದೆ. ಬರದಿದ್ದರೆ ತಪ್ಪು ಹೊಲದ್ದಲ್ಲ.

ಎರಡನೆಯದಾಗಿ, ಬಿಡುಗಡೆಯಾದ ಎರಡು ಮೂರು ದಿನಗಳಿಗೆ ಹೊಲದಿಂದ ಮೊಟ್ಟೆಗಳಿರುವ ಎಲೆಯ ತುಣುಕುಗಳನ್ನು ಕತ್ತರಿಸಿ ತಂದು, ಬೇರೆ ಬೇರೆ ಸೀಸೆಗಳಲ್ಲಿಟ್ಟು ನಾಲ್ಕೈದು ದಿನ ಕಾಯಿರಿ. ಒಡೆಯಲಿರುವ ಆರೋಗ್ಯವಂತ ಮೊಟ್ಟೆಯಲ್ಲಿ ತಲೆಯ ಜಾಗದಲ್ಲಷ್ಟೇ ಕಪ್ಪು ಚುಕ್ಕಿ ಕಂಡು ಬೇಗ ಮರಿಹುಳು ಹೊರಬರುತ್ತದೆ. ಕಣಜ ಸೇರಿದ ಮೊಟ್ಟೆ ಇಡಿಯಾಗಿ ಕಪ್ಪಾಗಿ ಹಾಗೆಯೇ ಉಳಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಲೆಕ್ಕ ತಪ್ಪುವವರಿದ್ದಾರೆ.

ಹೊಲದಲ್ಲಿ ಮೊಟ್ಟೆ ಹುಡುಕುವುದು ಕಷ್ಟವಾದರೆ, ಪ್ರಯೋಗಾಲಯದಿಂದ ಕಣಜಕ್ಕೆ ಒಡ್ಡದ ತಾಜಾ ಅಕ್ಕಿ ಪತಂಗದ ಮೊಟ್ಟೆಗಳ ಚಿಕ್ಕ ಕಾರ್ಡುಗಳನ್ನು ಕೇಳಿ ಪಡೆಯಿರಿ. ಬಿಡುಗಡೆಯ ತುಂಡಿನಿಂದ ಎರಡು, ಐದು ಮತ್ತು ಹತ್ತು ಮೀಟರ್ ದೂರದಲ್ಲಿ ಇವನ್ನು ಎಲೆಯ ತಳಕ್ಕೆ ಕಟ್ಟಿ, ಒಂದು ದಿನದ ನಂತರ ತಂದು ಇಟ್ಟು, ನಾಲ್ಕನೆಯ ದಿನ ಕಪ್ಪಾದವುಗಳನ್ನು ಎಣಿಸಿ. ಎರಡು ಮೀಟರಿನಲ್ಲಿ ಬಹಳಷ್ಟು ಕಪ್ಪಾಗಿ ಐದರಲ್ಲಿಯೇ ಕುಸಿದಿದ್ದರೆ ಮುಂದಿನ ವಾರ ತುಂಡುಗಳನ್ನು ಹತ್ತಿರ ಕಟ್ಟಬೇಕು. ಒಂದೇ ದಿಕ್ಕಿನವು ಕಪ್ಪಾಗಿದ್ದರೆ ಗಾಳಿ ಕಣಜಗಳನ್ನು ಅತ್ತ ಒಯ್ದಿದೆ. ಮುಂದಿನ ಸಲ ಎದುರಿನ ಅಂಚಿಗೆ ತುಂಡುಗಳನ್ನು ಸರಿಸಿ. ಎಲ್ಲಿಯೂ ಕಪ್ಪಾಗದೆ, ಮನೆಯ ಸೀಸೆಯಲ್ಲಿ ಮಾತ್ರ ಕಣಜ ಚೆನ್ನಾಗಿ ಹೊರಬಂದಿದ್ದರೆ, ಹೊಲದಲ್ಲಿಯೂ ಪಕ್ಕದ ಹೊಲದಲ್ಲಿಯೂ ಕಳೆದ ಹತ್ತು ದಿನಗಳಲ್ಲಿ ಏನು ಸಿಂಪಡಿಸಿದ್ದಾರೆಂದು ವಿಚಾರಿಸಿ, ತುಂಡುಗಳಿಗೆ ಇರುವೆ ಹತ್ತಿತ್ತೇ ಎಂದು ನೋಡಿ, ಆ ಮೇಲೆ ಮುಂದಿನ ಕಾರ್ಡು ತನ್ನಿ.